ಮಾದೇವಿಯ ದೊಡ್ಡ ಟಿವಿ

೨೦೦೫ರ ಡಿಸೆಂಬರಿನ ಒಂದು ಭಾನುವಾರ, ಬೆಳಿಗ್ಗೆ ಹತ್ತೂಕಾಲಿಗೆ, ಧಾರೇಶ್ವರದ ಮಾದೇವಿ ಟಿವಿಯ ಪರದೆಯನ್ನೇ ಕಳಚಿ ಹಾಸಿಗೆಯ ಮೇಲೆ ಮಲಗಿಸುತ್ತಿದ್ದಳು. ವೈರನ್ನು ಹಿಂದಿನ ದಿನವೇ ಕಿತ್ತಿಟ್ಟಿದ್ದಳು.

ಅವಳ ಗಂಡ ವೆಂಕಟ ಭಟ್ಕಳದ ಒಂದು ಮನೆಯ ಕಾರು ಓಡಿಸುತ್ತಿದ್ದ. ದುಬೈಯಿಂದ ಬಂದ ಈ ಕಪಾಟಿನಂಥ ಟಿವಿ ಅವರಿಗೆ ಹಳತಾದಾಗ ಇವನ ಪಾಲಿಗೆ ಬಂತು. ಕೊಡುವಾಗ ಆ ಮನೆಯಾಕೆ ಮಾದೇವಿಗೆ ಹೇಳಿದ್ದು ಒಂದೇ ಮಾತು: "ಒಳಗಿನ ಕನ್ನಡಿಗೆ ಬಟ್ಟೆ ತಾಗಿಸಬೇಡ."

ಈ ಬಗೆಯ ಟಿವಿಯ ತಳದಲ್ಲಿ ಕೆಂಪು, ಹಸಿರು, ನೀಲಿ ಬೆಳಕು ಬಿಡುವ ಮೂರು ಕೊಳವೆಗಳು. ಒಂದೊಂದರ ಬಾಯಿಗೂ ಒಂದು ಮಸೂರ. ಬೆಳಕು ಮೇಲೇರಿ, ಹಿಂಬದಿಯ ಓರೆ ಕನ್ನಡಿಗೆ ಬಡಿದು, ಪರದೆಯ ಮೇಲೆ ಬೀಳುತ್ತದೆ. ಕಡಲ ಗಾಳಿಯೂ ಬಚ್ಚಲ ಒಲೆಯ ಹೊಗೆಯೂ ಸೇರಿ ಮಸೂರದ ಮೇಲೆ ಜಿಡ್ಡು ಕಟ್ಟುತ್ತಿತ್ತು. ಮಳೆಗಾಲ ಮುಗಿದ ಕೂಡಲೇ ಅದನ್ನು ತೆಗೆಯುವುದು ಮಾದೇವಿಯ ಪದ್ಧತಿ. ಈ ಸಲ ಕೊಯ್ಲಿನ ಗಡಿಬಿಡಿಯಲ್ಲಿ ತಡವಾಗಿ, ಚಿತ್ರ ಮಬ್ಬಾಯಿತು.

ಅದು ಮೊದಲು ತಟ್ಟಿದ್ದು ಅತ್ತೆ ಬಂಗಾರಿಗೆ. ಕಣ್ಣು ಮಂಜಾದ ಮೇಲೆ ಸಣ್ಣ ಟಿವಿಯೆಂದರೆ ಅವಳಿಗೆ ಬರೀ ರೇಡಿಯೋ. ಈ ದೊಡ್ಡ ಪರದೆಯಲ್ಲಿ ಮಾತ್ರ ಮನುಷ್ಯರ ಮುಖ ಕಾಣುತ್ತಿತ್ತು. ಈಗ ಅದೂ ಹೋಗಿತ್ತು. ಟಿವಿ ಒಯ್ಯಲು ವೆಂಕಟ ಹೊನ್ನಾವರದ ಗುಜರಿಯವನಿಗೆ ಹೇಳಿಯೂ ಬಿಟ್ಟಿದ್ದ. ಇವತ್ತು ಅವನ ಫೋನು ಬರಬೇಕಿತ್ತು.

ಮಾದೇವಿ ಮೆತ್ತನೆಯ ಬ್ರಷ್ಷಿನಿಂದ ಧೂಳು ಝಾಡಿಸಿ, ಕಾರಿನ ಬ್ಯಾಟರಿಗೆ ಹಾಕುವ ನೀರು ತರಲು ಕೊಟ್ಟಿಗೆಗೆ ಹೋದಳು. ಉಪ್ಪು, ಸುಣ್ಣ ಏನೂ ಇಲ್ಲದ ನೀರು. ಒಣಗಿದರೆ ಕಲೆ ಉಳಿಯುವುದಿಲ್ಲ. ತಿರುಗಿ ಬಂದು ನೋಡುತ್ತಾಳೆ, ಅತ್ತೆ ಟಿವಿಯೊಳಗೆ ಕೈ ಹಾಕಿ ಕನ್ನಡಿಯ ಕೆಳಮೂಲೆಯನ್ನು ಭಸ್ಮ ಹಚ್ಚಿ ತಿಕ್ಕುತ್ತಿದ್ದಾಳೆ.

"ಅತ್ತೇ! ಎಂತ ಮಾಡ್ತಾ ಇದ್ರಿ?"

"ನೀ ಒಬ್ಬಳೇ ಎಷ್ಟಂತ ತಿಕ್ಕೂದು? ಕಂದೀಲ ಗಾಜು ಭಸ್ಮ ಇಲ್ಲದೆ ಬೆಳಗ್ತದನೇ?"

ಜಗಲಿಯಿಂದ ವೆಂಕಟ ನಕ್ಕ. "ಆತು! ಅಬ್ಬೆ ಟಿವಿಗೆ ವಿಭೂತಿ ಬಳಿದ್ಲು. ಇನ್ನು ಗುಜರಿಯವ ಮಂಗಳಾರತಿ ಮಾಡಿ ಒಯ್ತ."

"ನಿಮ್ಮ ಬಾಯೊಂದು!" ಎಂದಳು ಮಾದೇವಿ.

ಮುಖ ನೋಡುವ ಕನ್ನಡಿಗೆ ಬೆಳ್ಳಿ ಲೇಪ ಗಾಜಿನ ಬೆನ್ನಿಗಿರುತ್ತದೆ. ಟಿವಿಯ ಈ ಕನ್ನಡಿಗೆ ಎದುರಿಗೇ ಇರುತ್ತದೆ, ಭಸ್ಮದ ನಯವಾದ ಹರಳೂ ಅದನ್ನು ಗೀರುತ್ತದೆ. ಮೂಲೆಯಲ್ಲಿ ಅಂಗೈಯಗಲ ಗೀರೆದ್ದಿತ್ತು. ಬಂಗಾರಿಗೆ ಅದು ಕಾಣಲಿಲ್ಲ. ಆದರೆ ಸೊಸೆ ತನ್ನ ಕೈ ಹಿಡಿದು ಮೆಲ್ಲಗೆ ಹೊರಗೆಳೆದದ್ದು ತಿಳಿಯಿತು. "ಕೆಡಿಸಿದ್ನನೇ?" ಎಂದಳು, ಸಣ್ಣ ದನಿಯಲ್ಲಿ.

"ಒಂದು ಮೂಲೆ ಅಷ್ಟೆ. ಮುಖ ಬರೂದು ನಡುವಿಗೆ. ನೀವು ಕೂತ್ಕಳಿ."

ಮಾದೇವಿ ರಬ್ಬರ್ ಬುರುಡೆ ಹಿಚುಕಿ ಭಸ್ಮವನ್ನು ಗಾಳಿಯಿಂದಲೇ ಹಾರಿಸಿದಳು. ಒಗೆದೊಗೆದು ತೆಳ್ಳಗಾದ ಪಂಚೆಯ ತುಂಡನ್ನು ಒದ್ದೆ ಮಾಡಿ, ಹಿಂಡಿ, ಒಂದೊಂದು ಮಸೂರವನ್ನೂ ನಡುವಿನಿಂದ ಅಂಚಿಗೆ ಒರೆಸಿದಳು. ಬಟ್ಟೆ ಚಹಾದ ಬಣ್ಣಕ್ಕೆ ತಿರುಗಿತು. ಪರದೆ ಕೂರಿಸಿ, ಟಿವಿ ಹಾಕಿ, ಕೆಂಪು, ಹಸಿರು, ನೀಲಿ ಗೆರೆಗಳು ಒಂದರ ಮೇಲೊಂದು ಕೂತು ಬಿಳಿಯಾಗುವ ತನಕ ರಿಮೋಟು ಒತ್ತಿದಳು.

ಚಿತ್ರ ಬಂತು. ಬಲಗಡೆಯ ಕೆಳಮೂಲೆಯಲ್ಲಿ ತೆಳು ಮಂಜು. ಉಳಿದದ್ದೆಲ್ಲ ತೊಳೆದಿಟ್ಟ ಹಾಗೆ. ಯಾರೋ ಹುಡುಗಿ ಹಾಡುತ್ತಿದ್ದಳು. ಬಂಗಾರಿ ಕುತ್ತಿಗೆ ಮುಂದೆ ಚಾಚಿ ಬಹಳ ಹೊತ್ತು ನೋಡಿದಳು.

"ಕಾಣ್ತದಾ ಅಬ್ಬೆ?" ಎಂದ ವೆಂಕಟ. ಈಗ ಅವನೂ ನಗುತ್ತಿರಲಿಲ್ಲ.

"ಆ ಹೆಣ್ಣಿನ ಮೂಗುತಿ ಕಲ್ಲು ಬಿದ್ದು ಹೋಗ್ಯದೆ. ಅದಕ್ಕೆ ಹೇಳೂರು ಯಾರೂ ಇಲ್ಲ, ಪಾಪ."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ವೆಂಕಟ ಎತ್ತಿ, ಈಗ ಕೊಡುವುದಿಲ್ಲ ಎಂದು, ರಿಸೀವರನ್ನು ಅಂಗೈಯಿಂದ ಮುಚ್ಚಿ ಹೆಂಡತಿಯತ್ತ ತಿರುಗಿದ. "ಗುಜರಿಯವ. ಈಗ ಕೊಡದಿದ್ರೆ ಇನ್ನೆಷ್ಟು ವರ್ಷ ಬಿಟ್ಟು ಬರಬೇಕು ಅಂತ ಕೇಳ್ತ."

ಮಾದೇವಿ ಅತ್ತೆಯ ಕಡೆ ನೋಡಿದಳು. ಬಂಗಾರಿ ಇನ್ನೊಂದು ಮುಖ ಹುಡುಕುತ್ತಿದ್ದಳು. ಪಂಚೆಯ ತುಂಡನ್ನು ಹಿಂಡುತ್ತ ಮಾದೇವಿ ಗುಜರಿಯವನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು: "ಹತ್ತು."