ಶರ್ಫೂ ಖಾಲಾ ಮತ್ತು ಪಾರ್ಕಿನ ಎರಡನೇ ಗೇಟು

ಶಿವಾಜಿನಗರದ ಕುದುರೆತೊಟ್ಟಿ ಪಾರ್ಕಿಗೆ ಹದಿನಾಲ್ಕು ತಿಂಗಳು ತಗಡಿನ ಬೇಲಿ ಹಾಕಿದ್ದರು. ಬೇಲಿ ತೆಗೆದಾಗ ಒಳಗೆ ಪಾರ್ಕು ಇರಲಿಲ್ಲ. ‘ಕಂಟೋನ್ಮೆಂಟ್ ಹೆರಿಟೇಜ್ ಕಾಮನ್ಸ್’ ಎಂಬುದೊಂದು ಇತ್ತು. ಅದರ ಫಲಕದಲ್ಲಿ ಎಲ್ಲರಿಗೂ ಸ್ವಾಗತ ಎಂದು ನಾಲ್ಕು ಭಾಷೆಗಳಲ್ಲಿ ಬರೆದಿದೆ. ಕೆಳಗೆ ಅಲ್ಲಿ ಮಾಡಬಾರದ ಕೆಲಸಗಳ ಪಟ್ಟಿಯಿದೆ. ಅದು ಇಂಗ್ಲಿಷಿನಲ್ಲಿ ಮಾತ್ರ ಇದೆ. ಒಟ್ಟು ಹದಿನೇಳು ಕೆಲಸಗಳು. ಎರಡು ಸಲ ಎಣಿಸಿಯೇ ಬರೆಯುತ್ತಿದ್ದೇನೆ.

ಉದ್ಘಾಟನೆಯ ದಿನ ಮಾತಾಡಿದವರೆಲ್ಲ ಊರಿಗೆ ಮರುಜೀವ ಬಂತು ಎಂದರು. ಊರು ಸತ್ತಿದ್ದು ಯಾವಾಗ ಎಂದು ಒಬ್ಬರೂ ಹೇಳಲಿಲ್ಲ.

ಮರುಜೀವ ಬರುವ ಮುಂಚೆ ಆ ಪಾರ್ಕು ಯಾವ ಕೆಲಸಕ್ಕೆ ಬರುತ್ತಿತ್ತು ಎಂದು ತಿಳಿಯಬೇಕಾದರೆ ಶರ್ಫುನ್ನೀಸಾ ಅವರ ವಿಷಯ ಹೇಳಬೇಕು. ನಮ್ಮ ಗಲ್ಲಿಯಲ್ಲಿ ಅವರು ಎಲ್ಲರಿಗೂ ಶರ್ಫೂ ಖಾಲಾ, ಅಂದರೆ ಚಿಕ್ಕಮ್ಮ. ವಯಸ್ಸು ಅರವತ್ತೊಂದು. ಮೂವತ್ತೊಂದು ವರ್ಷದಿಂದ ಮದುವೆ ಕುದುರಿಸುವುದು ಅವರ ಕೆಲಸ. ನಮ್ಮ ಕಡೆಯ ಮನೆಗಳು ಒಂದೇ ಕೋಣೆಯವು. ಹೆಣ್ಣು ನೋಡಲು ಯಾರಾದರೂ ಬಂದರೆ ಬಾಗಿಲಲ್ಲಿ ಎಷ್ಟು ಜೊತೆ ಚಪ್ಪಲಿ ಬಿಟ್ಟಿದ್ದಾರೆ ಎಂದು ಇಡೀ ಗಲ್ಲಿ ಎಣಿಸುತ್ತದೆ. ಅವರು ಮತ್ತೆ ಬರದಿದ್ದರೆ ಅದನ್ನೂ ಎಣಿಸುತ್ತದೆ. ಹುಡುಗಿಯಾಗಿದ್ದಾಗ ಖಾಲಾ ನಾಲ್ಕು ಸಲ ಟ್ರೇ ಹಿಡಿದು ಚಹಾ ಕೊಟ್ಟಿದ್ದರು. ಐದನೆಯವರು ಒಪ್ಪುವ ಹೊತ್ತಿಗೆ ಅವರಿಗೊಂದು ಗುಟ್ಟಿನ ಕಾಯಿಲೆಯಿದೆ ಎಂಬ ಸುದ್ದಿ ಹಬ್ಬಿಯಾಗಿತ್ತು.

ಅದಕ್ಕೇ ಅವರು ಹೆಣ್ಣು ನೋಡುವುದನ್ನು ಪಾರ್ಕಿಗೆ ಒಯ್ದರು. ಪಾರ್ಕಿಗೆ ಎರಡು ಗೇಟುಗಳಿದ್ದವು. ಹುಡುಗಿ ತಾಯಿಯ ಜೊತೆ ಮಾರ್ಕೆಟ್ ಕಡೆಯ ಗೇಟಿನಿಂದ ಬಂದು ತೊಟ್ಟಿಯ ಸುತ್ತ ಎರಡು ಸುತ್ತು ನಡೆಯುತ್ತಿದ್ದಳು. ಹುಡುಗನ ತಾಯಿ ಚರ್ಚ್ ಕಡೆಯ ಗೇಟಿನಿಂದ ಬಂದು ಮಳೆಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತ ಕೂತಿರುತ್ತಿದ್ದರು. ಒಪ್ಪಿಗೆಯಾದರೆ ಎದ್ದು ಮಾರ್ಕೆಟ್ ಗೇಟಿನಿಂದ, ಅಂದರೆ ಹುಡುಗಿಯ ಗೇಟಿನಿಂದ, ಹೊರಗೆ ಹೋಗುತ್ತಿದ್ದರು. ಇಲ್ಲದಿದ್ದರೆ ಬಂದ ಗೇಟಿನಿಂದಲೇ ವಾಪಸ್. ಹುಡುಗಿಯ ತಾಯಿ ಮಾರ್ಕೆಟ್ ಗೇಟಿನ ಎದುರು ಎಳನೀರು ಕುಡಿಯುತ್ತ ಕಾಯುತ್ತಿದ್ದರು. ಗೇಟಿನಲ್ಲಿ ಯಾರೂ ಕಾಣದಿದ್ದರೆ ಎಳನೀರು ಮುಗಿಸಿ ಮನೆಗೆ ಬರುತ್ತಿದ್ದರು. ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ, ಯಾರೂ ಕೇಳಿಸಿಕೊಳ್ಳಬೇಕಿರಲಿಲ್ಲ.

ಪಾರ್ಕನ್ನು ಹೊಸದಾಗಿ ರೂಪಿಸಿದವರು ಹಳೆಯ ಬಳಕೆದಾರರ ಸಮೀಕ್ಷೆ ಮಾಡಿದ್ದರಂತೆ. ಎರಡು ಗೇಟಿದ್ದರೆ ಜನ ಪಾರ್ಕನ್ನು ಅಡ್ಡದಾರಿ ಮಾಡಿಕೊಳ್ಳುತ್ತಾರೆ ಎಂಬುದು ಅವರು ಕಂಡುಕೊಂಡ ವಿಷಯ. ಚರ್ಚ್ ಗೇಟಿಗೆ ಕಪ್ಪು ಬಣ್ಣ ಬಳಿದು, ತುದಿಗೆ ಚಿನ್ನದ ಬಣ್ಣ ಹಚ್ಚಿ, ಕೆಳಗಿನಿಂದ ದೀಪ ಬಿಟ್ಟು, ಬೀಗ ಹಾಕಿದರು. ಅದು ಈಗ ಪಾರಂಪರಿಕ ಗೇಟು. ಮೊದಲು ಅದರಲ್ಲಿ ಜನ ಓಡಾಡುತ್ತಿದ್ದರು, ಪಾಪ, ಅದು ಪಾರಂಪರಿಕ ಎಂದು ತಿಳಿಯದೆ.

ಪಾರ್ಕು ತೆರೆಯುವುದನ್ನೇ ನಮ್ಮ ಗಲ್ಲಿಯ ಲೈಬಾಳ ತಾಯಿ ಕಾಯುತ್ತಿದ್ದರು. ಲೈಬಾಗೆ ಇಪ್ಪತ್ತೇಳು. ಕಮ್ಮನಹಳ್ಳಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ. ಪಾರ್ಕು ಮುಚ್ಚಿದ್ದಾಗ ಅವಳನ್ನು ಮನೆಯಲ್ಲೇ ಎರಡು ಸಲ ತೋರಿಸಿ ಎರಡೂ ಸಲ ಇಡೀ ಗಲ್ಲಿಗೆ ಗೊತ್ತಾಗಿತ್ತು. ಮೂರನೇ ಸಲವೂ ಹಾಗೆಯೇ ಆದರೆ ಹುಡುಗಿಯಲ್ಲೇ ಏನೋ ಇದೆ ಎಂದು ಜನ ತೀರ್ಮಾನಿಸುವುದು ಖಂಡಿತ. (ಇಲ್ಲಿನ ಮಾತುಗಳು ಬಹುಪಾಲು ನಡೆದದ್ದು ದಖನಿ ಉರ್ದುವಿನಲ್ಲಿ. ನಾನು ಕನ್ನಡದಲ್ಲಿ ಬರೆದಿದ್ದೇನೆ.)

“ಇನ್ನು ಮನೇಲಿ ಬೇಡ, ನಕ್ಕೋ ಖಾಲಾ. ಪಾರ್ಕ್ ತೆಗೀಲಿ,” ಎಂದಿದ್ದರು ಲೈಬಾಳ ತಾಯಿ.

“ತೆಗೆದ ದಿನಾನೇ ಮಾಡ್ಬಿಡೋಣ. ಜನ ಇರ್ತಾರೆ, ಯಾರ ಕಣ್ಣಿಗೂ ಬೀಳಲ್ಲ,” ಎಂದರು ಖಾಲಾ.

ಹುಡುಗ ಫ್ರೇಜರ್ ಟೌನಿನ ಹಸನ್. ಕಾರಿನ ಸೀಟು ಕವರು ಹೊಲಿಯುವ ಅಂಗಡಿ ಇದೆ. ಅವನ ತಾಯಿಗೆ ಖಾಲಾ ಎರಡು ಗೇಟಿನ ಕ್ರಮವನ್ನು ಬಿಡಿಸಿ ಹೇಳಿದ್ದರು. ಉದ್ಘಾಟನೆಯ ದಿನ ಬೆಳಿಗ್ಗೆ ತಾವೇ ಹೋಗಿ ಚರ್ಚ್ ಗೇಟು ತೆರೆದಿದೆಯೇ ಎಂದು ನೋಡಿಯೂ ಬಂದರು. ತೆರೆದಿತ್ತು. ಗಣ್ಯರ ಕಾರು ಆ ಕಡೆಯಿಂದ ಬರುವುದರಿಂದ ಅಂದು ಮಾತ್ರ, ಅವರು ಒಳಗೆ ಬರುವವರೆಗೆ ಮಾತ್ರ, ಅದನ್ನು ತೆರೆದಿಟ್ಟಿದ್ದರು. ಇದು ಖಾಲಾಗೆ ಗೊತ್ತಿರಲಿಲ್ಲ.

ಹಸನ್‌ನ ತಾಯಿ ಗಣ್ಯರ ಹಿಂದೆಯೇ ಒಳಗೆ ಬಂದರು. ಕೂರಲು ನೋಡಿದರೆ ಕಲ್ಲುಬೆಂಚು ಇರಲಿಲ್ಲ. ಆ ಜಾಗದಲ್ಲಿ ಸೊಂಟದೆತ್ತರಕ್ಕೆ ವಾಲಿಸಿದ ಗ್ರಾನೈಟು ಚಪ್ಪಡಿ ಇತ್ತು. ಅದಕ್ಕೆ ಒರಗಿ ನಿಂತರು. ಲೈಬಾ ತಾಯಿಯ ಜೊತೆ ಎರಡು ಸುತ್ತು ಬಂದಳು. ಆಮೇಲೆ ತಾಯಿ ಕ್ರಮದಂತೆ ಎಳನೀರಿನ ಕಡೆ ಹೋದರು, ಲೈಬಾ ಒಳಗೇ ಉಳಿದಳು. ಖಾಲಾ ದೂರದಲ್ಲಿ ಇನ್ನೊಂದು ಮರದ ಕೆಳಗೆ ನಿಂತು ನೋಡುತ್ತಿದ್ದರು. ಅಷ್ಟರಲ್ಲಿ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಒಬ್ಬ ಯುವಕ ಬಂದ. ಹೆಸರು ಶಿಶಿರ್. ಪಾರ್ಕಿನ ವಿನ್ಯಾಸದ ತಂಡದವನು.

“ಎಷ್ಟು ವರ್ಷದಿಂದ ಇಲ್ಲಿಗೆ ಬರ್ತಿದೀರ ಆಂಟಿ?”

“ಮೂವತ್ತೊಂದು.”

“ವಾವ್. ಬಂದು ಏನ್ ಮಾಡ್ತೀರ?”

“ಕೂತ್ಕೋತೀನಿ.”

“ನೋಡಿ, ಇದೇ ಬೇಕಾಗಿದ್ದು ನಮ್ಗೆ. ಈ ಸಿಟಿ ಕೂತ್ಕೊಳ್ಳೋದನ್ನೇ ಮರ್ತುಬಿಟ್ಟಿದೆ.”

“ಎಲ್ಲಿ ಕೂತ್ಕೋಬೇಕು ಬೇಟಾ?”

ಶಿಶಿರ್ ಚಪ್ಪಡಿ ತೋರಿಸಿದ. “ಅದು ಲೀನಿಂಗ್ ಸೀಟ್ ಆಂಟಿ. ಜನ ಬಂದು ಮಲ್ಕೋಬಾರ್ದು ಅಂತ.”

“ನಾನು ಮಲ್ಕೊಳ್ಳೋ ಥರ ಕಾಣ್ತೀನಾ?”

ಅವನು ನಕ್ಕ. ನೀವೇ ಈ ಜಾಗದ ಐಡೆಂಟಿಟಿ ಎಂದು ಹೇಳಿ ಅವರನ್ನು ವೇದಿಕೆಯ ಕಡೆ ಕರೆದೊಯ್ದ. ಹೋಗುವಾಗ ಖಾಲಾ ತಿರುಗಿ ನೋಡಿದರು. ಹಸನ್‌ನ ತಾಯಿ ಚರ್ಚ್ ಗೇಟಿನ ಕಡೆ ನಡೆಯುತ್ತಿದ್ದರು. ಒಪ್ಪಿಗೆಯಾಗಲಿಲ್ಲ ಎಂದು ಖಾಲಾಗೆ ತಿಳಿಯಿತು. ಬೇಸರವಾಯಿತು. ಆದರೆ ಗುಟ್ಟಾಗಿ ಮುಗಿಯಿತಲ್ಲ ಎಂದುಕೊಂಡರು. ಆಮೇಲೆ ಮುಕ್ಕಾಲು ಗಂಟೆ ಅವರನ್ನು ವೇದಿಕೆಯ ಮೇಲೆ ನಿಲ್ಲಿಸಿದರು. ಶಾಲು ಹೊದಿಸಿದರು. ಮೈಕು ಕೊಡಲಿಲ್ಲ.

ಅತ್ತ ಚರ್ಚ್ ಗೇಟಿಗೆ ಬೀಗ ಬಿದ್ದಿತ್ತು. ಹಸನ್‌ನ ತಾಯಿ ಸರಳು ಹಿಡಿದು ಎಳೆದರು. ಮರ್ಫಿ ಟೌನಿನ ಸೂರ್ಯ ಎಂಬ ಸೆಕ್ಯೂರಿಟಿಯವನು ಸೀಟಿ ಊದಿಕೊಂಡು ಬಂದ.

“ಅಮ್ಮಾ, ಈ ಕಡೆ ಹೋಗೋ ಹಾಗಿಲ್ಲ. ಒನ್ ವೇ.”

“ನಾನೇನು ಲಾರಿನಾ ಒನ್ ವೇ ಅನ್ನೋಕೆ? ಇಲ್ಲಿಂದಾನೇ ಬಂದೆ.”

“ಬಂದಿದ್ದು ಸರಿ ಅಮ್ಮಾ. ಹೋಗೋದು ಮಾರ್ಕೆಟ್ ಕಡೆ. ಈ ಗೇಟು ನೋಡೋಕ್ ಮಾತ್ರ.”

“ಗೇಟನ್ನ ನೋಡಿ ನಾನೇನ್ ಮಾಡ್ಲಿ?”

“ನಂಗೂ ಗೊತ್ತಿಲ್ಲ. ಇವತ್ತೇ ಡ್ಯೂಟಿಗೆ ಸೇರಿದೀನಿ.”

ಬೀಗ ಹಾಕಿದ್ದು ಎಲ್ಲರಿಗೂ ಗೊತ್ತಿರುತ್ತದೆ, ಖಾಲಾ ವಿಷಯ ತಿಳಿಸುತ್ತಾರೆ ಎಂದುಕೊಂಡು ಆಕೆ ಮಾರ್ಕೆಟ್ ಗೇಟಿನಿಂದ ಹೊರಬಿದ್ದು ಆಟೋ ಹತ್ತಿದರು. ಎಳನೀರು ಹಿಡಿದಿದ್ದ ಲೈಬಾಳ ತಾಯಿ ಅದನ್ನು ಕಣ್ಣಾರೆ ಕಂಡರು. ಎಳನೀರು ಪೂರ್ತಿ ಕುಡಿಯಲೂ ಇಲ್ಲ.

ಸಂಜೆ ಖಾಲಾ ಶಾಲು ಮಡಚಿಕೊಂಡು ಗಲ್ಲಿಗೆ ಬಂದಾಗ ಪಕ್ಕದ ಮನೆಯವರು ಬಾಯಿ ಒರೆಸಿಕೊಳ್ಳುತ್ತ, “ಮುಬಾರಕ್ ಖಾಲಾ. ಖೀರ್‌ಗೆ ಸ್ವಲ್ಪ ಸಕ್ಕರೆ ಜಾಸ್ತಿ,” ಎಂದರು. ಸಂಬಂಧ ಕುದುರಿತೆಂದು ಲೈಬಾಳ ತಾಯಿ ಹನ್ನೊಂದು ಮನೆಗೆ ಖೀರು ಹಂಚಿದ್ದರು.

ಲೈಬಾಳ ಮನೆಯಲ್ಲಿ ಲೈಬಾ ಒಬ್ಬಳೇ ಪಾತ್ರೆ ಉಜ್ಜುತ್ತಿದ್ದಳು. ಖಾಲಾ ಬಾಗಿಲಲ್ಲೇ ನಿಂತರು. ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳದ ಮಾತನ್ನು ಹೇಗೆ ಹೇಳುವುದೆಂದು ಅವರಿಗೆ ಗೊತ್ತಾಗಲಿಲ್ಲ.

ಲೈಬಾ ತಲೆ ಎತ್ತದೆ, “ಗೊತ್ತು ಖಾಲಾ. ಅವ್ರು ಆ ಗೇಟ್ ಎಳೆದಾಡ್ತಿದ್ದಿದ್ದನ್ನ ನೋಡ್ದೆ,” ಎಂದಳು.

“ಮತ್ತೆ ಅಮ್ಮಿಗೆ ಯಾಕೆ ಹೇಳ್ಲಿಲ್ಲ?”

“ನಾನು ಆಚೆ ಬರೋ ಹೊತ್ತಿಗೆ ಹಾಲು ತರೋಕೆ ಓಡಿದ್ರು. ಎರಡು ವರ್ಷ ಆಯ್ತು ಅವ್ರು ಹಾಗೆ ಓಡಿ.” ಉಜ್ಜಿದ ಪಾತ್ರೆಯನ್ನು ಬೋರಲು ಹಾಕಿ ಕೇಳಿದಳು: “ನಾಳೆ ಹನ್ನೊಂದು ಮನೆಗೂ ಹೋಗಿ ಖೀರ್ ವಾಪಸ್ ಕೇಳ್ಬೇಕಾ ಖಾಲಾ?”

ಖಾಲಾ ಚಪ್ಪಲಿ ಬಿಟ್ಟು ಒಳಗೆ ಬಂದರು. ಅವರ ಹತ್ತಿರ ಇದ್ದದ್ದು ಒಂದೇ ಆಸ್ತಿ. ಯಾವ ಮನೆಯ ಬಗ್ಗೆಯೂ ಅವರು ಸುಳ್ಳು ಹೇಳುವುದಿಲ್ಲ ಎಂಬ ಹೆಸರು. ಹುಡುಗನ ವಯಸ್ಸು ಮೂವತ್ತೆಂಟಾದರೆ ಮೂವತ್ತೆಂಟು ಎಂದೇ ಹೇಳುತ್ತಿದ್ದರು. ಲೈಬಾಳ ತಾಯಿ ಬರುವವರೆಗೆ ಕಾದು, ಬಾಗಿಲು ಹಾಕಿಕೊಂಡು ಅವರಿಗೆ ನಿಜ ಹೇಳಿದರು. ಅವರು ಅತ್ತು ಮುಗಿಸುವವರೆಗೆ ಕೂತಿದ್ದರು. ಆಮೇಲೆ ಹೊರಗೆ ಬಂದು, ಆ ಹನ್ನೊಂದು ಮನೆಗೂ ತಾವೇ ಹೋಗಿ ಹೇಳಿದರು: “ಹುಡುಗನ ಕಡೆಯೋರು ಒಪ್ಪಿದ್ರು. ನಾವೇ ಬೇಡ ಅಂದ್ವಿ.”

ನಾಲ್ಕನೇ ದಿನ ಹಸನ್‌ನ ತಾಯಿ ಗಲ್ಲಿಗೆ ಬಂದರು. ಖಾಲಾ ಹೊಸ್ತಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬಂದು ನಿಂತರು.

“ನನ್ನ ಮಗನ್ನ ಬೇಡ ಅಂದ್ರಾ? ನಾನು ಹುಡುಗೀನ ಒಪ್ಪೇ ಇಲ್ಲ.”

“ಒಪ್ಪದೆ ಇದ್ರೆ ಯಾವ ಗೇಟಿಂದ ಹೋಗ್ಬೇಕು ಅಂತ ಹೇಳಿದ್ದೆ?”

“ಅದಕ್ಕೆ ಬೀಗ ಹಾಕಿತ್ತು.”

“ನೀವು ಬಂದಾಗ ಇತ್ತಾ ಬೀಗ?”

“ಆಮೇಲ್ ಹಾಕಿದ್ರು.”

“ಅದು ನಂಗೊತ್ತಿಲ್ಲಮ್ಮ. ನೀವು ಮಾರ್ಕೆಟ್ ಗೇಟಿಂದ ಹೋಗಿದ್ದನ್ನ ಎಳನೀರಿನೋನೂ ನೋಡಿದಾನೆ. ಬೀಗದ ವಿಷಯ ಪಾರ್ಕ್‌ನೋರ್ ಹತ್ರ ಮಾತಾಡಿ.”

“ನಿಮ್ಮ ಮಾತು ನಂಬಿ ಬಂದೆ ಖಾಲಾ. ಇನ್ಮೇಲೆ ನಮ್ಮ ಕಡೆಯೋರು ಯಾರೂ ಬರಲ್ಲ.”

“ಸರಿ,” ಎಂದರು ಖಾಲಾ. ಸೊಪ್ಪಿನ ಕಡ್ಡಿಗಳನ್ನು ಬೇರೆ ಮಾಡಿದರು.

ಹಸನ್‌ನ ತಾಯಿ ಹೇಳಿದ್ದು ನಿಜ, ಆಕೆಯ ಕಡೆಯವರು ಯಾರೂ ಬರಲಿಲ್ಲ. ಫ್ರೇಜರ್ ಟೌನಿನಿಂದ ಕೈಯಲ್ಲಿದ್ದ ಮೂರು ಸಂಬಂಧಗಳೂ ತಪ್ಪಿದವು. ಎರಡು ಗೇಟಿನ ಬೇರೆ ಪಾರ್ಕು ಸಿಕ್ಕೀತೇ ಎಂದು ಖಾಲಾ ಹಲಸೂರು, ಇಂದಿರಾನಗರದ ಪಾರ್ಕುಗಳನ್ನೂ ನೋಡಿ ಬಂದರು. ಇಂದಿರಾನಗರದಲ್ಲಿ ವಾಕಿಂಗ್ ಸಂಘದ ಹಿರಿಯರೊಬ್ಬರು ಯಾವ ರಸ್ತೆಯವರು ನೀವು ಎಂದು ಕೇಳಿದರಂತೆ. ನಮ್ಮ ಪಾರ್ಕಿನ ಹೊರಗೋಡೆಯ ಮೇಲೆ ಈಗ ಶಾಲು ಹೊದ್ದ ಅವರ ಫೋಟೊ ಇದೆ, ಆಳೆತ್ತರದ್ದು. ಈ ಊರನ್ನು ಬೆಸೆಯುವವರು ಎಂದು ಕೆಳಗೆ ಬರೆದಿದ್ದಾರೆ. ಅವರ ಹೆಸರು ಕೇಳಲು ಮರೆತಿರಬೇಕು, ಅದು ಎಲ್ಲಿಯೂ ಇಲ್ಲ.

ಲೈಬಾ ದಿನವೂ ಕಮ್ಮನಹಳ್ಳಿಗೆ ಹೋಗಿ ಬರುತ್ತಾಳೆ. ಗಲ್ಲಿಯವರ ಪಾಲಿಗೆ ಅವಳೀಗ ಅಂಗಡಿಯಿರುವ ಹುಡುಗನನ್ನೇ ಬೇಡ ಎಂದವಳು. ಎಷ್ಟು ಜಂಬ ನೋಡಿ ಆ ಹುಡುಗಿಗೆ ಎಂದು ಬಾಗಿಲಲ್ಲಿ ನಿಂತು ಆಡಿಕೊಳ್ಳುತ್ತಾರೆ. ಅವಳಲ್ಲೇ ಏನೋ ಇದೆ ಎಂದು ಮಾತ್ರ ಯಾರೂ ಅನ್ನುವುದಿಲ್ಲ. ಶರ್ಫೂ ಖಾಲಾ ಹತ್ತಿರದಲ್ಲೇ ಇದ್ದರೆ, “ಹೌದಪ್ಪಾ, ಭಾರೀ ಜಂಬ,” ಎಂದು ತಾವೂ ದನಿಗೂಡಿಸುತ್ತಾರೆ.