ಅರವತ್ತೊಂದು ಬಟನ್ನಿನ ಆಯುಧ

ಲೇಥಿನ ಮೇಲೆ ಲೋಹ ಕಡೆಯುವ ಟರ್ನರ್ ಆದವನು ಕೂದಲೆಳೆಯನ್ನೂ ಅಳೆಯುವ ತನ್ನ ಮೈಕ್ರೋಮೀಟರನ್ನು ಯಾರಿಗೂ ಕೊಡುವುದಿಲ್ಲ. ಊಟದ ಡಬ್ಬಿ ಕೊಟ್ಟಾನು, ಗಾಡಿ ಕೊಟ್ಟಾನು, ಮೈಕ್ರೋಮೀಟರ್ ಮಾತ್ರ ಇಲ್ಲ. ಇದನ್ನು ನನಗೆ ಕಲಿಸಿದವನು ಬೆಳಗಾವಿಯ ಉದ್ಯಮಬಾಗದಲ್ಲಿ ಲೇಥ್ ನಡೆಸುತ್ತಿದ್ದ ನನ್ನ ಸೋದರಮಾವ. ಏಳನೇ ಇಯತ್ತೆ ಮುಗಿಸಿ ರಜೆಗೆಂದು ಅವನ ಹತ್ತಿರ ಹೋದವನು ಮತ್ತೆ ಸಾಲಿಗೆ ಹೋಗಲಿಲ್ಲ. ಯಾರೂ ಬಿಡಿಸಿದ್ದಲ್ಲ, ಬಡತನದ ಕಥೆಯೂ ಇಲ್ಲ. ಕಬ್ಬಿಣದ ಸಿಪ್ಪೆ ಸುರುಳಿ ಸುರುಳಿಯಾಗಿ ಬಿಸಿಬಿಸಿ ಕೆಳಗೆ ಬೀಳುವುದನ್ನು ನೋಡಿದ ಮೇಲೆ ಕರಿಹಲಗೆ ನೋಡಲು ಮನಸ್ಸಾಗಲಿಲ್ಲ, ಅಷ್ಟೇ.

ಈಗ ಪುಣೆಗೆ ಬಂದು ಅರ್ಧ ಆಯುಷ್ಯ ಕಳೆದಿದೆ. ಮನೆ ನಿಗಡಿಯಲ್ಲಿ, ಕೆಲಸ ಅಲ್ಲಿಂದ ಸ್ವಲ್ಪ ದೂರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ. ಕೈಯಿಂದ ಚಕ್ರ ತಿರುಗಿಸುವ ಲೇಥಿನಿಂದ ಶುರು ಮಾಡಿದವನು ಕಂಪ್ಯೂಟರ್ ಹೇಳಿದಂತೆ ಕೇಳುವ ಮಶೀನಿನವರೆಗೆ ಬಂದೆ. ಆ ಮಶೀನಿಗೆ ಏನು ಮಾಡಬೇಕು ಅಂತ ಸಾಲು ಸಾಲಾಗಿ ಬರೆದುಕೊಡಬೇಕು: ಇಷ್ಟು ದೂರ ಹೋಗು, ಇಷ್ಟು ಕೆಳಗೆ ಇಳಿ, ಇಷ್ಟು ಕೊರೆ. ಅದಕ್ಕೆ ಪ್ರೋಗ್ರಾಮ್ ಅನ್ನುತ್ತಾರೆ. ನಮ್ಮಲ್ಲಿ ಅದನ್ನು ಬರೆಯುವವನು ನಾನು. ಡಿಪ್ಲೊಮಾ ಮಾಡಿದವರು ಸಾಫ್ಟ್‌ವೇರಿನಿಂದ ಬರೆಸುತ್ತಾರೆ, ನಾನು ಡ್ರಾಯಿಂಗ್ ನೋಡಿ ಕೈಯಾರೆ ಬರೆಯುತ್ತೇನೆ. ನನ್ನದು ಅವರದಕ್ಕಿಂತ ಸಣ್ಣದಿರುತ್ತದೆ, ಕೊರೆಯುವ ಟೂಲ್ ಗಾಳಿಯಲ್ಲಿ ಸುಮ್ಮನೆ ಓಡಾಡುವುದೂ ಕಡಿಮೆ. ಇದು ಜಂಬವಲ್ಲ, ಗಡಿಯಾರ ಹಿಡಿದು ನೋಡಿದವರಿದ್ದಾರೆ.

ಕಂಪ್ಯೂಟರಿನ ಟೇಬಲ್ಲು ಮಶೀನಿನ ಪಕ್ಕದಲ್ಲೇ ಇದೆ, ಇಕ್ಕಟ್ಟಿನ ಜಾಗ. ಹಳೆಯ ಉದ್ದನೆಯ ಕೀಬೋರ್ಡ್ ಇಟ್ಟರೆ ಡ್ರಾಯಿಂಗ್ ಹಾಸಲು ಜಾಗವಿಲ್ಲ. ಅದರ ಬಟನ್ನುಗಳೋ, ಎಣ್ಣೆ ಕೈ ತಾಗಿ ತಾಗಿ ಹಳೆಯ ಹಪ್ಪಳದ ಹಾಗೆ ಮೆತ್ತಗಾಗಿದ್ದವು. ಒತ್ತಿದರೆ ಒತ್ತಿದೆನೋ ಇಲ್ಲವೋ ಬೆರಳಿಗೇ ಗೊತ್ತಾಗುತ್ತಿರಲಿಲ್ಲ. ಒಂದು ರವಿವಾರ ಪುಣೆಯ ಕ್ಯಾಂಪ್ ಪೇಟೆಗೆ ಹೋದಾಗ ಒಂದು ಅಂಗಡಿಯ ಗಾಜಿನ ಮೇಲೆ ಚಿಕ್ಕ ಕೀಬೋರ್ಡೊಂದನ್ನು ಇಟ್ಟಿದ್ದರು, ಅರವತ್ತೊಂದೇ ಬಟನ್ನಿನದು. ಸುಮ್ಮನೆ ಒಂದು ಬಟನ್ ಒತ್ತಿದೆ. ಕಟ್ ಅಂತು. ಒಳ್ಳೆಯ ಮೈಕ್ರೋಮೀಟರ್ ಅಳತೆಗೆ ಬಂದಾಗ ಹಿಂದಿನ ತಿರುಪು ಕಟಕ್ ಕಟಕ್ ಅನ್ನುತ್ತದಲ್ಲ, ಅಂಥ ಖಚಿತವಾದ ಸಪ್ಪಳ. ಪ್ರತಿ ಬಟನ್ನಿನ ಕೆಳಗೂ ಅದರದ್ದೇ ಸ್ಪ್ರಿಂಗು, ಅದರದ್ದೇ ಸ್ವಿಚ್ಚು. ಅಂಗಡಿಯವನು ಅದು ಗೇಮ್ ಆಡುವವರದ್ದು ಅಂದ. ಇರಲಿ ಅಂದೆ. ಬೆಲೆ ಇಲ್ಲಿ ಬರೆಯುವುದಿಲ್ಲ, ಮನೆಯಾಕೆ ಓದುತ್ತಾಳೆ.

ಆಕೆ ಡಬ್ಬಿ ಬಿಚ್ಚಿದ ಕೂಡಲೇ ಹುಳುಕು ಹಿಡಿದಳು. "ಏನ್ರೀ ಇದು, ಅರ್ಧಾನ ಅದ? ಉಳಿದ ಅರ್ಧಾ ಅಂಗಡ್ಯಾಂವಗ ಬಿಟ್ಟು ಬಂದ್ರೇನು?"

"ಅದು ಇರೂದಽ ಹಂಗ. ಸಣ್ಣದು."

"ಮತ್ತ ಅಂಕಿ ಬಟನ್ ಎಲ್ಲೆವ? ಬಲಗಡೆ ಇರ್ತಿದ್ದುವಲ್ಲ?"

ಕೈಗೆತ್ತಿಕೊಂಡು ನೋಡಿದೆ. ಹೌದು, ಬಲಗಡೆಯ ಅಂಕಿಗಳ ಗುಂಪೇ ಇರಲಿಲ್ಲ. ದಿನವಿಡೀ ಅಂಕಿ ಬರೆಯುವ ಮನುಷ್ಯ, ಅಂಕಿಗಳೇ ಇಲ್ಲದ ಕೀಬೋರ್ಡ್ ತಂದಿದ್ದೆ. ಮೇಲಿನ ಸಾಲಿನಲ್ಲಿ ಇದ್ದವು, ಖರೇ, ಆದರೆ ಅಲ್ಲಿಗೆ ಬೆರಳು ಚಾಚಿ ಚಾಚಿ ಬರೆಯುವುದು ನಮ್ಮ ಕೆಲಸಕ್ಕೆ ಸರಿಹೋಗುವುದಿಲ್ಲ.

"ಬೇಕಂತನಽ ಹಂಗಿಂದು ತಂದೀನಿ," ಅಂದೆ.

"ಹೂಂ, ಹೂಂ," ಅಂತ ನಗುತ್ತ ಆಕೆ ಒಳಗೆ ಹೋದಳು.

ಹಿಂದಿರುಗಿಸಬಹುದಿತ್ತು. ಆದರೆ ಆ "ಹೂಂ, ಹೂಂ" ಕೇಳಿದ ಮೇಲೆ ಹಿಂದಿರುಗಿಸುವ ಮಾತಿಲ್ಲ. ಅದರ ಜೊತೆ ಬಂದ ಚೀಟಿ ಇಂಗ್ಲಿಷಿನಲ್ಲಿತ್ತು. ಒಂದೊಂದೇ ಶಬ್ದ ಹಿಡಿದು ಓದಿದೆ. ಯಾವ ಬಟನ್ನಿಗೆ ಯಾವ ಕೆಲಸ ಅಂತ ನಾವೇ ಹೇಳಿಕೊಡಬಹುದು ಅಂತ ಅದರಲ್ಲಿತ್ತು. ವಾರವೆಲ್ಲ ಕೂತು ನನಗೆ ಬೇಕಾದಂತೆ ಹೊಂದಿಸಿದೆ. ಎಡಗೈ ಕಿರುಬೆರಳಿನಿಂದ ಒಂದು ಬಟನ್ ಒತ್ತಿ ಹಿಡಿದರೆ ಸಾಕು, ಬಲಗೈ ಕೆಳಗಿನ ಅಕ್ಷರಗಳೆಲ್ಲ ಅಂಕಿಗಳಾಗುತ್ತವೆ. ಬಲತುದಿಯ ಕೆಳಗಿನ ಬಟನ್ ಚುಕ್ಕಿ. ಕೈ ಜಾಗ ಬಿಟ್ಟು ಒಂದು ಇಂಚೂ ಅಲುಗಬೇಕಾಗಿಲ್ಲ. ಎರಡು ತಿಂಗಳಾಗುವ ಹೊತ್ತಿಗೆ ನಾನು ಕೀಬೋರ್ಡೂ ನೋಡುತ್ತಿರಲಿಲ್ಲ, ಸ್ಕ್ರೀನೂ ನೋಡುತ್ತಿರಲಿಲ್ಲ. ಕಣ್ಣು ಡ್ರಾಯಿಂಗಿನ ಮೇಲೆ, ಕಿವಿ ಕಟ್ ಕಟ್ ಸಪ್ಪಳದ ಮೇಲೆ.

ಮೊದಲ ದಿನ ಅದರ ಬಣ್ಣಬಣ್ಣದ ದೀಪಗಳನ್ನು ನೋಡಿ ಮಾಲಕರು, "ಕಾಕಾ, ಗಣಪತಿ ಡೆಕೋರೇಶನ್ ಈಗಲೇ ಶುರುವಾ?" ಅಂದಿದ್ದರು. ಅವರು ಮರಾಠಿಯವರು, ನನಗಿಂತ ವಯಸ್ಸಿನಲ್ಲಿ ಸಣ್ಣವರು, ಒಳ್ಳೆಯವರು. ದೀಪ ಆರಿಸಿದೆ. ಸಂಜೆ ಕೀಬೋರ್ಡನ್ನು ಬಟ್ಟೆಯಲ್ಲಿ ಸುತ್ತಿ ಮೈಕ್ರೋಮೀಟರ್ ಪಕ್ಕದಲ್ಲಿ ನನ್ನ ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕತೊಡಗಿದೆ.

ಈ ಮಾಲಕರೇ ದಸರೆಗೆ ಒಂದು ವಾರ ಮುಂಚೆ ನನ್ನನ್ನು ಒಳಗೆ ಕರೆದರು. ದೊಡ್ಡ ಗಿರಾಕಿಯೊಂದು ಬಂದಿತ್ತು, ಪಂಪಿನ ಮೇಲ್ಭಾಗದ ಜಾಬು. ಕೊರೆಯಲು ಬರುವ ಲೋಹದ ತುಂಡಿಗೆ ನಾವು ಜಾಬು ಅನ್ನುತ್ತೇವೆ. ಹಬ್ಬದ ಮರುದಿನ ಅವರ ಕಡೆಯ ಎಂಜಿನಿಯರ್ ಬಂದು ಮೊದಲ ಪೀಸನ್ನು ಎದುರಿಗೇ ನಿಂತು ನೋಡುವವರಿದ್ದರು. "ಕಾಕಾ, ಸ್ಪಷ್ಟ ಹೇಳ್ತೀನಿ," ಅಂದರು ಮಾಲಕರು. "ಹೊರಗೆ ಪ್ರೋಗ್ರಾಮ್ ಬರೆದುಕೊಡುವ ಆಫೀಸೊಂದಿದೆ, ಎಲ್ಲಾ ಎಂಜಿನಿಯರುಗಳೇ. ಇದೊಂದು ನೀವು ಮಾಡಿ ನೋಡಿ. ಮೊದಲ ಪೀಸ್ ಸರಿ ಬಂದರೆ ಪ್ರೋಗ್ರಾಮ್ ಕೆಲಸ ನಿಮ್ಮದೇ. ಇಲ್ಲದಿದ್ದರೆ ಅದನ್ನ ಹೊರಗೆ ಕೊಡ್ತೀನಿ, ನೀವು ಮತ್ತೆ ಮಶೀನಿನ ಮೇಲೆ ನಿಲ್ಲಿ."

ಮಶೀನಿನ ಮೇಲೆ ನಿಲ್ಲುವುದು ಕೀಳು ಕೆಲಸವಲ್ಲ. ಆದರೆ ಬೇರೆಯವರು ಬರೆದದ್ದನ್ನು ಹಾಕಿ ಹಸಿರು ಬಟನ್ ಒತ್ತುತ್ತ ನಿಲ್ಲುವುದಿದೆಯಲ್ಲ, ಅದು ನನಗೆ ಆಗದ ಮಾತು. ಪ್ರೋಗ್ರಾಮ್ ಬರೆಯುವ ಕುರ್ಚಿಗೆ ನಾನು ಹತ್ತು ವರ್ಷ ಕಲಿತು ಬಂದಿದ್ದೆ.

ಖಂಡೇನವಮಿಯ ದಿನ ಆಯುಧಪೂಜೆಗೆಂದು ವರ್ಕ್‌ಶಾಪ್ ತೊಳೆದು, ಹಲಗೆಯ ಮೇಲೆ ಎಲ್ಲರ ಹತ್ಯಾರಗಳನ್ನು ಜೋಡಿಸಿದೆವು. ಅರ, ಸುತ್ತಿಗೆ, ವರ್ನಿಯರ್, ಪಾನಾ, ನನ್ನ ಮೈಕ್ರೋಮೀಟರ್. ಅದರ ಪಕ್ಕ ನನ್ನ ಕೀಬೋರ್ಡ್. ಒಬ್ಬಿಬ್ಬರು ನಕ್ಕರು. ನನ್ನ ಅನ್ನ ಅದರ ಮೇಲಿದೆ, ಅದು ಹತ್ಯಾರವಲ್ಲದೆ ಮತ್ತೇನು? ಹಳದಿ, ಕುಂಕುಮ ಕಲಸಿ ನಾನೇ ಎಲ್ಲಕ್ಕೂ ಬೊಟ್ಟು ಇಟ್ಟೆ. ಅರಕ್ಕೆ ಇಟ್ಟಂತೆ, ಪಾನಾಕ್ಕೆ ಇಟ್ಟಂತೆ, ಕೀಬೋರ್ಡಿಗೂ ಧಾರಾಳವಾಗಿ ಇಟ್ಟೆ, ಬಲತುದಿಗೆ. ಮೇಲೆ ಝೆಂಡು ಹೂವು. ಕಾಯಿ ಒಡೆದ ನೀರನ್ನೂ ನಾಲ್ಕು ಹನಿ ಚಿಮುಕಿಸಿದ್ದು ನೆನಪಿದೆ. ಆ ದಿನ ಹತ್ಯಾರ ಮುಟ್ಟಬಾರದು, ಮುಟ್ಟಲಿಲ್ಲ. ದಸರೆಯ ಮುಂಜಾನೆ ಮೇಲಿನ ಕುಂಕುಮ ಒರೆಸಿ, ಕೂತು ಇಡೀ ಪ್ರೋಗ್ರಾಮ್ ಬರೆದೆ. ಕಟ್ ಕಟ್ ಕಟ್. ಅಷ್ಟು ಸಲೀಸಾಗಿ ನಾನು ಯಾವತ್ತೂ ಬರೆದಿರಲಿಲ್ಲ. ಸಂಜೆ ಬನ್ನಿ ಹಂಚುವಾಗ ಮನೆಯಾಕೆ, "ಇವತ್ತ ಭಾರೀ ಖುಷಿಯೊಳಗ ಇದ್ದೀರಿ," ಅಂದಳು.

ಮರುದಿನ ಬಂದ ಎಂಜಿನಿಯರ್ ಒಬ್ಬ ಹುಡುಗಿ, ದಾವಣಗೆರೆಯ ಕಡೆಯವಳು. ನಾನು ಯಾರ ಜೊತೆಗೋ ಫೋನಿನಲ್ಲಿ ಮಾತಾಡುವುದನ್ನು ಕೇಳಿ ತಾನೂ ಕನ್ನಡಕ್ಕಿಳಿದಳು. ಟೇಬಲ್ ನೋಡಿದಳು.

"ಅಂಕಲ್, ಇದು ಗೇಮಿಂಗ್ ಕೀಬೋರ್ಡ್ ಅಲ್ವಾ? ಯಾವ ಗೇಮ್ ಆಡ್ತೀರಾ?"

"ಕಾಕಾ ಅನ್ರಿ. ಅಂಕಲ್ ಅಂದ್ರ ಮ್ಯಾಲಿನ ಮಾಳಗಿ ಬಾಡಿಗಿಯವ್ರು ಅಂದಂಗ ಆಗ್ತದ."

ಆಕೆ ನಕ್ಕಳು. "ಸರಿ ಕಾಕಾ. ಗೇಮ್ ಯಾವುದು?"

"ಈಗ ಸುರು ಆಗೂದದ, ನೋಡ್ರಿ."

ಮಾಲಕರಿಗೆ ಅವಸರ. ಮಶೀನಿನ ಮೇಲೆ ಜಾಬು ಕಟ್ಟಿಯಾಗಿತ್ತು, ನೇರವಾಗಿ ಶುರು ಮಾಡಿ ಅಂತ ಕಣ್ಣಲ್ಲೇ ಹೇಳುತ್ತಿದ್ದರು. ನನಗೂ ಆಸೆಯಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಹೊಸ ಪ್ರೋಗ್ರಾಮನ್ನು ಮೊದಲು ಗಾಳಿಯಲ್ಲಿ ಓಡಿಸದೆ ಲೋಹಕ್ಕೆ ಹಚ್ಚಬಾರದು. ಟೂಲನ್ನು ಜಾಬಿನ ಮೇಲೆ ಒಂದು ಗೇಣು ಎತ್ತರದಲ್ಲಿಟ್ಟು, ನಿಲ್ಲಿಸುವ ಬಟನ್ನಿನ ಮೇಲೆ ಹೆಬ್ಬೆರಳಿಟ್ಟು ಬಿಟ್ಟೆ.

ಮೊದಲ ತೂತು ಸರಿ. ಎರಡನೆಯದು ಸರಿ. ಮೂರನೆಯದಕ್ಕೆ ಟೂಲ್ ಬಲಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ಗರ್ರನೆ ಎಡಕ್ಕೆ ತಿರುಗಿ, ಜಾಬು ಹಿಡಿದಿದ್ದ ಕ್ಲ್ಯಾಂಪಿನ ನೆತ್ತಿಯ ಮೇಲೆ ಬಂದು, ಗಾಳಿಯಲ್ಲೇ ಕೊರೆಯಲು ಇಳಿಯಿತು. ನಿಲ್ಲಿಸಿದೆ. ಒಂದು ಗೇಣು ಕೆಳಗಿದ್ದಿದ್ದರೆ ಟೂಲೂ ಇಲ್ಲ, ಕ್ಲ್ಯಾಂಪೂ ಇಲ್ಲ.

ಮಶೀನಿನ ಪರದೆಯ ಮೇಲೆ ಆ ಸಾಲು ಓದಿದೆ. ಅರವತ್ತೆರಡು ಅಂತ ಬರೆದಿತ್ತು, ಮುಂದೆ ಚುಕ್ಕಿ ಇರಲಿಲ್ಲ. ನಮ್ಮ ಮಶೀನಿಗೆ ಚುಕ್ಕಿಯಿಟ್ಟು ಅರವತ್ತೆರಡು ಅಂದರೆ ಅಷ್ಟು ಮಿಲಿಮೀಟರ್. ಚುಕ್ಕಿ ಬಿಟ್ಟರೆ ಅದರ ಸಾವಿರದಲ್ಲಿ ಒಂದು ಪಾಲು, ಒಂದು ಕೂದಲಿನ ದಪ್ಪ. ಎಲ್ಲ ದೂರವನ್ನೂ ಎಡಮೂಲೆಯಿಂದ ಅಳೆಯುವುದರಿಂದ, ಬಲಕ್ಕೆ ಹೋಗಬೇಕಾದ ಟೂಲ್ ಆ ಮೂಲೆಗೇ ಓಡಿಬಂದಿತ್ತು. ಇಷ್ಟು ವರ್ಷದಲ್ಲಿ ನಾನು ಚುಕ್ಕಿ ಬಿಟ್ಟದ್ದಿಲ್ಲ.

ಮಾಲಕರು ಜಾಣರು, ಕೂಡಲೇ ಹುಡುಗಿಯ ಕಡೆ ತಿರುಗಿ ಹಿಂದಿಯಲ್ಲಿ, "ಕೇಬಲ್ಲಿನ ತೊಂದರೆ, ಮೇಡಂ. ಕಂಪ್ಯೂಟರಿನಿಂದ ಮಶೀನಿಗೆ ಬರುವಾಗ ಅಕ್ಷರ ತಪ್ಪಿಹೋಗುತ್ತೆ. ಹಳೆಯ ಕೇಬಲ್ಲು," ಅಂದರು. ನನ್ನ ಕಡೆ ನೋಡಿ, "ಹೌದಲ್ಲ ಕಾಕಾ?" ಅಂದರು.

ಹೌದು ಅಂದರೆ ಮುಗಿಯುತ್ತಿತ್ತು. ಕುರ್ಚಿ ಉಳಿಯುತ್ತಿತ್ತು, ಅವರೇ ಉಳಿಸಿಕೊಡುತ್ತಿದ್ದರು. ಆ ಕೇಬಲ್ಲನ್ನು ಹಾಕಿದವನು ನಾನು, ಅದು ಒಂದು ದಿನವೂ ಒಂದು ಅಕ್ಷರ ನುಂಗಿದ್ದಿಲ್ಲ.

"ಕೇಬಲ್ ಛಲೋ ಅದರಿ," ಅಂತ ಹುಡುಗಿಗೆ ಕನ್ನಡದಲ್ಲಿ ಹೇಳಿ, ಅದನ್ನೇ ಮಾಲಕರಿಗೆ ಮರಾಠಿಯಲ್ಲಿ ಹೇಳಿದೆ. "ಚುಕ್ಕಿ ಬಿಟ್ಟಾಂವ ನಾನು."

ಮಾಲಕರು ಹಣೆಗೆ ಕೈ ಹಚ್ಚಿಕೊಂಡರು. ನಾನು ಟೇಬಲ್ಲಿಗೆ ಹೋಗಿ ಚುಕ್ಕಿಯ ಬಟನ್ ಹತ್ತು ಸಲ ಒತ್ತಿದೆ. ಹತ್ತು ಸಲ ಕಟ್ ಅಂತು. ಸ್ಕ್ರೀನಿನ ಮೇಲೆ ಏಳೇ ಚುಕ್ಕಿ. ಬಟನ್ನಿನ ಟೊಪ್ಪಿಗೆ ಕಿತ್ತೆ. ಒಳಗೆ ಸ್ವಿಚ್ಚಿನ ಸಂದಿಯಲ್ಲಿ ಕುಂಕುಮ ಒಣಗಿ ಕೆಂಪಗೆ ಗಟ್ಟಿಯಾಗಿ ಕೂತಿತ್ತು.

ಹುಡುಗಿ ಬಗ್ಗಿ ನೋಡಿದಳು. "ಕಾಕಾ! ಕೀಬೋರ್ಡ್‌ಗೂ ಪೂಜೆ ಮಾಡಿದ್ರಾ?"

"ಮಾಡಿನ್ರಿ."

"ನಮ್ಮಪ್ಪ ಇನ್ವರ್ಟರ್‌ಗೆ ನಿಂಬೆಹಣ್ಣು ಕಟ್ತಾರೆ, ಬಿಡಿ." ಆಮೇಲೆ ನಗು ನಿಲ್ಲಿಸಿ ಕೇಳಿದಳು, "ಆದ್ರೆ ಬರೆದಾದ್ಮೇಲೆ ಒಂದ್ಸಲಾನೂ ಓದಲಿಲ್ವಾ?"

ಅದೇ ತಪ್ಪು. ಕುಂಕುಮದ್ದಲ್ಲ. ಕಟ್ ಅಂದದ್ದನ್ನು ಕೇಳಿ ಬರೆದಾಯಿತು ಅಂದುಕೊಂಡೆ, ಒಮ್ಮೆಯೂ ತಿರುಗಿ ಓದಲಿಲ್ಲ. "ಓದಲಿಲ್ಲ," ಅಂದೆ. "ಅರ್ಧಾ ತಾಸು ಕೊಡ್ರಿ."

ಆ ಕೀಬೋರ್ಡಿನ ಒಂದು ಗುಣ ಹೇಳಬೇಕು. ಅದರ ಸ್ವಿಚ್ಚನ್ನು ಟೂಲಿನ ಮೊನೆ ಬದಲಿಸಿದಂತೆ ಬದಲಿಸಬಹುದು, ಕಾಯಿಸಿ ಬೆಸೆಯಬೇಕಾಗಿಲ್ಲ. ಎಡಮೂಲೆಯಲ್ಲಿ ನಾನು ಎಂದೂ ಒತ್ತದ ಒಂದು ಬಟನ್ನಿತ್ತು. ಅದರ ಸ್ವಿಚ್ಚನ್ನು ಚಿಮಟಿಯಿಂದ ಕಿತ್ತು ಚುಕ್ಕಿಯ ಜಾಗಕ್ಕೆ ಕೂಡಿಸಿದೆ. ನೂರು ಸಲ ಒತ್ತಿದೆ, ನೂರು ಚುಕ್ಕಿ ಬಂದವು, ಹುಡುಗಿಯೇ ಎಣಿಸಿದಳು. ಆಮೇಲೆ ಕೂತು ಇಡೀ ಪ್ರೋಗ್ರಾಮನ್ನು ಮೇಲಿನಿಂದ ಕೆಳಗೆ, ಬೆರಳಿಟ್ಟು, ಸಾಲಿ ಹುಡುಗನಂತೆ ಓದಿದೆ. ಹನ್ನೊಂದು ಕಡೆ ಚುಕ್ಕಿ ಬಿದ್ದುಹೋಗಿತ್ತು. ಹನ್ನೊಂದನ್ನೂ ಹಾಕಿ, ಮತ್ತೆ ಗಾಳಿಯಲ್ಲಿ ಓಡಿಸಿ, ಆಮೇಲೆ ಲೋಹಕ್ಕೆ ಹಚ್ಚಿದೆ.

ಲೋಹ ತಣಿಸುವ ಕೂಲಂಟ್ ನೀರು ಬಿಳಿಯಾಗಿ ಹರಿಯಿತು. ಸಿಪ್ಪೆ ಸಣ್ಣಗೆ, ಒಂದೇ ಅಳತೆಯಲ್ಲಿ ಹಾರುತ್ತಿತ್ತು. ನನಗೆ ಆಗಲೇ ಗೊತ್ತಾಯಿತು. ಹುಡುಗಿ ತನ್ನದೇ ಅಳತೆಸಾಮಾನು ತಂದಿದ್ದಳು, ನನ್ನದನ್ನು ಕೇಳಲಿಲ್ಲ, ಅದು ನನಗೆ ಸೇರಿತು. ಪ್ರತಿ ತೂತಿನ ಅಳತೆಯನ್ನೂ ಎರಡೆರಡು ಸಲ ತೆಗೆದು ಹಾಳೆಯ ಮೇಲೆ ಬರೆದುಕೊಂಡಳು. ಎಲ್ಲಿಯೂ ಕೆಂಪು ಗುರುತು ಹಾಕಲಿಲ್ಲ.

"ಪೀಸ್ ಓಕೆ," ಅಂತ ಮಾಲಕರಿಗೆ ಹೇಳಿದಳು. "ಆದರೆ ಪ್ರೋಗ್ರಾಮ್ ಬಗ್ಗೆ ಒಂದು ಶರತ್ತು."

ಮಾಲಕರು ಆ ಹೊರಗಿನ ಆಫೀಸಿನ ಮಾತು ತೆಗೆದರು, ಎಲ್ಲಾ ಎಂಜಿನಿಯರುಗಳೇ ಇದ್ದಾರೆ, ನಾಳೆಯಿಂದಲೇ ಕೊಡಬಹುದು ಅಂತ. ಆಕೆ ತಲೆ ಅಲ್ಲಾಡಿಸಿದಳು. "ಬೇಡ. ಗಾಳಿಯಲ್ಲಿ ಓಡಿಸದೆ ಶುರು ಮಾಡೋ ಎಂಜಿನಿಯರುಗಳನ್ನ ಬೇಕಾದಷ್ಟು ನೋಡಿದೀನಿ. ಇವರೇ ಬರೀಲಿ. ಆದರೆ ಪ್ರತಿ ಪ್ರೋಗ್ರಾಮನ್ನೂ ಪ್ರಿಂಟ್ ತೆಗೆದು, ಪೂರ್ತಿ ಓದಿ, ಪ್ರತಿ ಹಾಳೆಗೂ ಇವರೇ ಸಹಿ ಹಾಕಬೇಕು. ಸಹಿಯಿಲ್ಲದ ಪ್ರೋಗ್ರಾಮಿನ ಪೀಸು ನಾನು ತಗೊಳ್ಳಲ್ಲ."

ಮಾಲಕರು ನನ್ನ ಕಡೆ ನೋಡಿದರು. ಕೇಬಲ್ಲಿನ ವಿಷಯಕ್ಕೆ ಇನ್ನೂ ಸಿಟ್ಟಿತ್ತು ಅಂತ ಕಾಣುತ್ತದೆ. ಆದರೂ, "ಕಾಕಾ, ಪ್ರಿಂಟರ್ ನನ್ನ ಕೋಣೆಯಲ್ಲಿದೆ," ಅಂದರು.

ನಾಲ್ಕು ಹಾಳೆ ಬಂದವು, ಇನ್ನೂ ಬೆಚ್ಚಗಿದ್ದವು. ಪಗಾರದ ಚೀಟಿ ಬಿಟ್ಟರೆ ನನ್ನ ಸಹಿಯನ್ನು ಈ ಊರಿನಲ್ಲಿ ಯಾರೂ ಕೇಳಿರಲಿಲ್ಲ. ಕೈಯ ಎಣ್ಣೆಯನ್ನು ಚಿಂದಿಗೆ ಚೆನ್ನಾಗಿ ಒರೆಸಿಕೊಂಡೆ. ಒಂದೊಂದು ಹಾಳೆಯನ್ನೂ ಇನ್ನೊಮ್ಮೆ ಓದಿದೆ, ಎಲ್ಲರೂ ಕಾದರು, ಕಾಯಲಿ. ಆಮೇಲೆ ಕೆಳಗೆ, ಕನ್ನಡದಲ್ಲಿ, ಪೂರ್ತಿ ಹೆಸರು ಬರೆದೆ.