ಗಿರಿಜಕ್ಕನ ಹೆಸರಿನ ಮುಂದೆ ನಾನು ಬರೆದ ಗುರಿ

ಗಿರಿಜಕ್ಕ, ನಿಮ್ಮನ್ನು ಕೆಲಸದಿಂದ ತೆಗೆಸಿದ್ದು ನಾನು. ಕಂಪನಿಯಲ್ಲ, ಎಂ.ಡಿ. ಅಲ್ಲ — ನಾನೇ, ಬೇಕೆಂದೇ.

ರಾಜಾಜಿನಗರದ ನಮ್ಮ ಕುಕ್ಕರ್ ವಾಲ್ವ್ ಕಾರ್ಖಾನೆಯಲ್ಲಿ ಒಂದೊಂದೇ ಪೀಸ್ ಹಿಡಿದು ತಪಾಸಣೆ ಮಾಡುತ್ತಿದ್ದವರು ನೀವು. ನಾನು ಆಗ ಸೂಪರ್‌ವೈಸರ್. ಆಯುಧಪೂಜೆಗೆ ಮೆಷಿನ್ ತೊಳೆದು ಎಲ್ಲರೂ ಕಡ್ಲೆಪುರಿ ತಿನ್ನುತ್ತಿದ್ದಾಗಲೂ ನೀವು ಟೇಬಲ್ ಬಿಡಲಿಲ್ಲ. ನನ್ನ ವಿಭಾಗದ ಒಂದಿಡೀ ಟ್ರೇಯನ್ನು ಕೆಟ್ಟಿದೆ ಎಂದು ಎಂ.ಡಿ. ಎದುರಿಗೇ ಪಕ್ಕಕ್ಕೆ ತಳ್ಳಿ ನನ್ನನ್ನು ಕೇಳಿದಿರಿ:

“ಕಣ್ಣಿದ್ಯೇನೋ ನಿಂಗೆ? ಬರೀ ಸಂಬಳಕ್ಕೆ ಬರ್ತೀಯಾ?”

ಎಲ್ಲರೂ ನಕ್ಕರು. ಆ ನಗು ಎರಡು ವರ್ಷ ನನ್ನ ಹೊಟ್ಟೆ ಉರಿಸಿತು.

ಆಮೇಲೆ ಬಡ್ತಿ ಸಿಕ್ಕಿ ಆಫೀಸಿಗೆ ಹೋದೆ. ಎಂ.ಡಿ. ಒಂದು ಕೆಲಸ ಒಪ್ಪಿಸಿದರು — ಕಂಪನಿಯ ವಿಷನ್‌ಗೆ ಪ್ರತಿಯೊಬ್ಬರ ವರ್ಷದ ಗುರಿಯನ್ನೂ ಹೊಂದಿಸುವುದು. ನಮ್ಮ ವಿಷನ್ ಇಷ್ಟೇ: ದೋಷವಿರುವ ಒಂದು ವಾಲ್ವ್ ಕೂಡ ಯಾರ ಮನೆಗೂ ತಲುಪಬಾರದು.

ನಿಮ್ಮ ಹೆಸರಿನ ಮುಂದೆ ಬರೆದೆ: ರಿಜೆಕ್ಟ್ ಆಗುವ ಪೀಸ್‌ಗಳನ್ನು ಅರ್ಧಕ್ಕಿಳಿಸುವುದು. ಕೇಳಲು ಎಷ್ಟು ಚೆಂದ! ಎಂ.ಡಿ. ತಲೆದೂಗಿ ಸಹಿ ಹಾಕಿದರು. ಆದರೆ ಪೀಸ್ ಕೆಡುವುದು ಮೆಷಿನ್ನಿನಲ್ಲಿ, ನೀವು ಹಿಡಿಯುವವರಷ್ಟೇ. ಕೆಟ್ಟದ್ದನ್ನು ಪಾಸ್ ಮಾಡದೆ ಆ ಗುರಿ ಮುಟ್ಟಲು ನಿಮಗೆ ದಾರಿಯಿರಲಿಲ್ಲ. ಸತ್ತರೂ ನೀವು ಹಾಗೆ ಮಾಡುವವರಲ್ಲ — ಅದನ್ನೇ ನಂಬಿ ಬರೆದೆ. ಬರೆಯುವಾಗ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಶೀಟ್ ಹಿಡಿದು ನನ್ನ ಹತ್ತಿರ ಬಂದಿರಿ. “ಕೆಟ್ಟಿರೋದನ್ನ ಕೆಟ್ಟಿದೆ ಅನ್ನೋದೇ ನನ್ ಕೆಲ್ಸ ಅಲ್ವೇನೋ ರಮೇಶ? ಅದನ್ನೇ ಅರ್ಧ ಮಾಡು ಅಂದ್ರೆ ಹೆಂಗೋ?”

“ವಿಷನ್ ಎಲ್ರಿಗೂ ಒಂದೇ ಅಕ್ಕ,” ಎಂದೆ, ಮುಖ ನೋಡದೆ.

ವರ್ಷದ ಕೊನೆಗೆ ಗುರಿ ಮುಟ್ಟದೆ ಕೆಲಸ ಕಳೆದುಕೊಂಡವರ ಪಟ್ಟಿಯಲ್ಲಿ ನಿಮ್ಮ ಹೆಸರೇ ಮೊದಲು. ಟಿಫನ್ ಡಬ್ಬಿ, ಕನ್ನಡಕದ ಪೆಟ್ಟಿಗೆ ಚೀಲಕ್ಕೆ ಹಾಕಿಕೊಂಡು ಹೊರಟಿರಿ. ಕಿಟಕಿಯಿಂದ ನೋಡುತ್ತಾ ನಿಂತಿದ್ದೆ. ಹೊಟ್ಟೆ ತಣ್ಣಗಾಗಬೇಕಿತ್ತು — ಆಯಿತು ಕೂಡ. ಒಂದು ತಿಂಗಳ ಮಟ್ಟಿಗೆ.

ನಿಮ್ಮ ಜಾಗಕ್ಕೆ ಬಂದವನು ಬಂದ ತಿಂಗಳೇ ರಿಜೆಕ್ಟ್ ಅರ್ಧಕ್ಕಿಳಿಸಿ ಗುರಿ ಮುಟ್ಟಿದ. ಎಂ.ಡಿ. ಕೇಕ್ ತರಿಸಿದರು, ನಾನೇ ಕತ್ತರಿಸಿದೆ. ಅದೇ ಭಾನುವಾರ ಚಂದ್ರಾ ಲೇಔಟ್‌ನ ಪಾತ್ರೆ ಅಂಗಡಿಯಲ್ಲಿ ಹೆಂಡತಿ ಕುಕ್ಕರ್‌ಗೆ ನಮ್ಮ ಕಂಪನಿಯ ವಾಲ್ವ್ ಆರಿಸಿಕೊಂಡಳು. ಅವಳ ಕೈಯಿಂದ ಕಿತ್ತು ವಾಪಸ್ ಇಟ್ಟೆ, ಬೇರೆಯವರದ್ದು ಕೊಡಿಸಿದೆ.

“ಯಾಕ್ರೀ, ನಿಮ್ದೇ ಚೆನ್ನಾಗಿಲ್ವಾ?” ಎಂದಳು.

ಪಕ್ಕದಲ್ಲಿದ್ದ ಒಬ್ಬ ಹೆಂಗಸು ನಾನು ಇಟ್ಟದ್ದನ್ನೇ ಎತ್ತಿಕೊಂಡು ಬಿಲ್ ಮಾಡಿಸಿದರು. ಗಿರಿಜಕ್ಕ, ನಾನು ಬಾಯಿ ಬಿಡಲಿಲ್ಲ.